ಹನ್ನೊಂದು ನಟ್ಟಿನ ತೂಕ

ಆ ಊರಿನಲ್ಲಿ ಸೂರ್ಯ ಹುಟ್ಟುವುದು ಬೇಕಾದರೂ ಒಂದು ದಿನ ತಪ್ಪೀತು, ಗುಲಗಂಜಿ ಸರಿಮಾಡಿದ ತಕ್ಕಡಿ ಮಾತ್ರ ತಪ್ಪುತ್ತಿರಲಿಲ್ಲ. ಗುಲಗಂಜಿ ಅಂದರೆ ತಕ್ಕಡಿ ರಿಪೇರಿಯವನು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಚಪ್ಪಲಿ ಹೊಲಿಯುವವನಿಗೂ ಬೀಗದವನಿಗೂ ನಡುವೆ ಅವನ ಅಂಗಡಿ. ಇಬ್ಬರು ಒಟ್ಟಿಗೆ ಸೀನಿದರೆ ಒಂದು ಗೋಡೆ ಬೀಳಬೇಕು, ಅಷ್ಟು ಅಗಲ. ಅಷ್ಟರಲ್ಲೇ ಮೂವತ್ತೊಂದು ವರ್ಷ ಕೂತು ಅವನು ಊರಿನ ಸುಳ್ಳನ್ನೆಲ್ಲ ಹಿಡಿದಿದ್ದ. ಅವನ ಕೈ ದಾಟಿ ಹೋದ ತಕ್ಕಡಿಯ ತಟ್ಟೆಯಲ್ಲಿ ಇರುವೆ ಕೂತು ಮೀಸೆ ತಿರುವಿದರೂ ಮುಳ್ಳು ಅಲುಗುತ್ತಿತ್ತು. ಪಕ್ಕದಲ್ಲಿ ನಿಂತವರು ನಿಟ್ಟುಸಿರು ಬಿಟ್ಟರೆ ಅದರ ತೂಕವೂ ಗೊತ್ತಾಗುತ್ತಿತ್ತು.

ಬಾದಾಮಿ ವ್ಯಾಪಾರಿ ವರ್ಷಕ್ಕೊಮ್ಮೆ ತನ್ನ ತಕ್ಕಡಿಗೆ ಎಣ್ಣೆ ಹಾಕಿಸಲು ಬರುತ್ತಿದ್ದ. ಬಂದವನು ತಪ್ಪದೆ ಬಗ್ಗಿ ಕಿವಿಯ ಹತ್ತಿರ ಪಿಸುಗುಡುತ್ತಿದ್ದ.

"ಯಜಮಾನ್ರೇ, ತಟ್ಟೆ ಕೆಳಗೆ ಒಂದು ಚೂರು ಸೀಸ. ಅಕ್ಕಿಕಾಳಿನಷ್ಟು. ಯಾರಿಗೂ ಗೊತ್ತಾಗಲ್ಲ."

"ತಕ್ಕಡಿಗೆ ಗೊತ್ತಾಗುತ್ತಲ್ಲ!" ಅನ್ನುತ್ತಿದ್ದ ಗುಲಗಂಜಿ, ಇಡೀ ಬೀದಿಗೆ ಕೇಳುವ ಹಾಗೆ. ಆ ಮಾತು ಎಷ್ಟು ಹಳೆಯದಾಗಿತ್ತೆಂದರೆ, ಚಪ್ಪಲಿಯವನು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಅದನ್ನು ಇವನಿಗಿಂತ ಅರ್ಧ ಉಸಿರು ಮೊದಲೇ ಹೇಳಿ ಮುಗಿಸುತ್ತಿದ್ದ.

ಮನೆಯಲ್ಲೂ ತಕ್ಕಡಿಯದ್ದೇ ಆಡಳಿತ. ಅಡುಗೆಮನೆಯ ಪಕ್ಕದ ಕಟ್ಟೆಯ ಮೇಲೆ ಅವನ ಅಪ್ಪನ ಕಾಲದ ಹಿತ್ತಾಳೆ ತಕ್ಕಡಿ ಇತ್ತು. ಮನೆಯಲ್ಲಿ ಜಗಳ ಹತ್ತಿ ಬಗೆಹರಿಯದಿದ್ದರೆ ಎರಡು ತಟ್ಟೆಯ ಮೇಲೂ ಒಂದೊಂದು ಡಬ್ಬಿ ಇಡುವುದು. ಮುಚ್ಚಳದಲ್ಲಿ ಸೀಳು ಇರುವ ಡಬ್ಬಿ. ಮುಳ್ಳು ಅಲುಗದ ಹಾಗೆ ಒಂದು ತಡೆಕಡ್ಡಿ ಸಿಕ್ಕಿಸುವುದು. ಮನೆಯವರಿಗೆಲ್ಲ ತಲೆಗೆ ಹತ್ತು ಹಿತ್ತಾಳೆ ನಟ್ಟು. ಬೆಳಿಗ್ಗೆಯಿಂದ ಅವರವರ ಕೆಲಸದ ನಡುವೆ, ಯಾರೂ ನೋಡದಾಗ, ಬೇಕಾದ ಡಬ್ಬಿಗೆ ಹಾಕುವುದು. ಮಧ್ಯಾಹ್ನ ಊಟ ಆದಮೇಲೆ ಕಡ್ಡಿ ಎಳೆದರೆ ಮುಳ್ಳು ಎತ್ತ ವಾಲುತ್ತದೋ ಅದೇ ತೀರ್ಪು. ಆಮೇಲೆ ಎರಡು ಡಬ್ಬಿಯ ನಟ್ಟನ್ನೂ ಒಂದಕ್ಕೇ ಸುರಿದು ಕಲಸಿಬಿಡಬೇಕು. ಯಾರು ಎತ್ತ ಹಾಕಿದರು ಅಂತ ಕೇಳುವ ಹಾಗಿಲ್ಲ. "ಎಣಿಸಿದರೆ ಜಗಳ, ತೂಗಿದರೆ ತೀರ್ಮಾನ" ಎಂದು ಅವನ ಅಪ್ಪ ಹೇಳಿಹೋಗಿದ್ದ. ಗೋಡೆಯ ಬಣ್ಣ, ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಸೇರುವುದು, ಎಲ್ಲ ಹೀಗೇ ಆದದ್ದು. ಒಮ್ಮೆ ಅಜ್ಜಿಯ ಹಲ್ಲು ಕೀಳಿಸಬೇಕೋ ಬೇಡವೋ ಅಂತ ತೂಗಿದಾಗ ಅಜ್ಜಿ ಸೋತಳು. ಎರಡು ಹಲ್ಲು ಕೊಟ್ಟಳೇ ಹೊರತು ತಕ್ಕಡಿಯ ಮೇಲೆ ತಕರಾರು ಮಾತ್ರ ಎತ್ತಲಿಲ್ಲ.

ಮಗ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದ. ಅವನ ಬುದ್ಧಿಯ ಬಗ್ಗೆ ಗುಲಗಂಜಿ ಬೀದಿಯಲ್ಲಿ ಹೇಳುತ್ತಿದ್ದುದರಲ್ಲಿ ಕಾಲು ಭಾಗ ನಿಜವಾಗಿದ್ದರೂ ಪ್ರಪಂಚದ ಕಂಪ್ಯೂಟರುಗಳೆಲ್ಲ ಎದ್ದು ನಿಂತು ನಮಸ್ಕಾರ ಹೊಡೆಯಬೇಕಿತ್ತು. ಈಗ ಡಿಗ್ರಿಗೆ ಎರಡು ವಿಶ್ವವಿದ್ಯಾಲಯಗಳಿಂದ ಸೀಟು ಬಂದಿತ್ತು. ಒಂದು ಹತ್ತಿರದ್ದು: ಬಸ್ಸಿನಲ್ಲಿ ನಲವತ್ತು ನಿಮಿಷ, ಕಂಪ್ಯೂಟರ್ ವಿಭಾಗಕ್ಕೆ ಭಾರಿ ಹೆಸರು. ಇನ್ನೊಂದು ದೂರದ್ದು: ರೈಲಿನಲ್ಲಿ ಹದಿನಾಲ್ಕು ಗಂಟೆ, ದೊಡ್ಡ ನಗರ, ವಿಭಾಗ ಸಾಧಾರಣ. ಮೂರು ವಾರದೊಳಗೆ ಒಂದನ್ನು ಒಪ್ಪಿಕೊಂಡು ಅರ್ಜಿ ಕಳಿಸಬೇಕು. ಅರ್ಜಿಗೆ ಅಪ್ಪನ ಸಹಿ ಬೇಕು.

ಮೊದಲ ವಾರ, ಹತ್ತಿರದ ವಿಶ್ವವಿದ್ಯಾಲಯದವರು ಹೊಸಬರಿಗೆ ತಮ್ಮ ಕಟ್ಟಡ ತೋರಿಸುವ ದಿನ ಇಟ್ಟಿದ್ದರು. ಗುಲಗಂಜಿ ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಮಗನ ಜೊತೆ ಹೊರಟ. ಸಾಲು ಸಾಲು ಯಂತ್ರಗಳ ಲ್ಯಾಬಿನಲ್ಲಿ ನಿಂತು, ತಾನೇ ಅವನ್ನು ಹೆತ್ತವನ ಹಾಗೆ ಒಂದೊಂದನ್ನೂ ಸವರಿದ. ದಾರಿ ತೋರಿಸಲು ಬಂದಿದ್ದ ಹಿರಿಯ ವಿದ್ಯಾರ್ಥಿಗಳು ಮೂವರು. ಕಾರಿಡಾರಿನ ಕೊನೆಗೆ ಬೀಗ ಹಾಕಿದ ಒಂದು ಕೋಣೆ.

"ಇದ್ಯಾರ ರೂಮಪ್ಪ, ಖಾಲಿ ಇದೆ?"

"ಅದಾ ಅಂಕಲ್? ಒಬ್ರು ಲೆಕ್ಚರರ್ ಇದ್ರು. ಪ್ರೋಗ್ರಾಂ ಬರೆಯೋದ್ರಲ್ಲಿ ಹುಲಿ. ಆದ್ರೆ ಮನೇಲಿ ಹೆಂಡತಿ ಬದ್ಲು ಗಂಡನ್ನ ಇಟ್ಕೊಂಡಿದ್ರು."

ಉಳಿದಿಬ್ಬರು ಗೊಳ್ಳೆಂದರು.

"ವಿಷಯ ಗೊತ್ತಾದ್ಮೇಲೆ ಬಾಗಿಲಿಗೆ ದಿನಕ್ಕೊಂದು ಚಿತ್ರ ಅಂಟಿಸಿದ್ವಿ. ಎರಡೇ ತಿಂಗಳು ಅಂಕಲ್. ಗಂಟುಮೂಟೆ ಕಟ್ಟಿದ್ರು."

ಗುಲಗಂಜಿಯೂ ನಕ್ಕ. ಅವನ ನಗು ಅಂದರೆ ಸಾಮಾನ್ಯದ್ದಲ್ಲ, ಹೊಟ್ಟೆಯಿಂದ ಹೊರಟು ಕಿಟಕಿಯ ಗಾಜು ತಟ್ಟಿ ಬರುವಂಥದ್ದು. ಮಗ ಆ ಬಾಗಿಲ ಮೇಲೆ ಉಳಿದಿದ್ದ ಅಂಟಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಮೊಣಕೈಯಿಂದ ತಿವಿದ.

"ಹೇಗಿತ್ತೋ?"

"ಚೆನ್ನಾಗಿದೆ."

"ಮತ್ತೆ ಮುಖ ಯಾಕೆ ಸೀದ ಬ್ರೆಡ್ಡಿನ ಥರ?"

"ಹಸಿವು."

ಎರಡನೆಯ ವಾರ, ಒಂದು ಸಂಜೆ ಐವರೂ ಊಟಕ್ಕೆ ಕೂತಿದ್ದರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಹೆಂಡತಿ ಕೆಲಸ ಮಾಡುವ ಬೇಕರಿಯಿಂದ ತಂದ ಮುರುಕು ಬ್ರೆಡ್ಡು. ಮಗ ತಟ್ಟೆ ನೋಡುತ್ತಾ ಹೇಳಿದ, "ನಾನು ದೂರದ್ದಕ್ಕೆ ಹೋಗ್ತೀನಿ."

"ಯಾವ ದೂರದ್ದು?" ಅಂದ ಗುಲಗಂಜಿ. "ಆ ವಿಭಾಗ ಸಾಧಾರಣ ಅಂತ ನೀನೇ ಹೇಳಿದ್ದೆ. ಚಿನ್ನ ಬಿಟ್ಟು ತಗಡಿಗೆ ಹದಿನಾಲ್ಕು ಗಂಟೆ ಪ್ರಯಾಣ ಮಾಡ್ತಾನಂತೆ!"

"ನನ್ನ ಕಾಲುಗುರು ಯಾರು ತೆಗೀತಾರೆ?" ಅಂದಳು ಅಜ್ಜಿ. ಅವಳ ಕಾಲುಗುರು ಕಬ್ಬಿಣ ಕತ್ತರಿಸುವವರ ಕೈಲೂ ಆಗದ್ದು. ಮೊಮ್ಮಗ ಮಾತ್ರ ಬಿಸಿನೀರಲ್ಲಿ ನೆನೆಸಿ, ಮಾತಾಡಿಸುತ್ತಾ, ಹದವಾಗಿ ತೆಗೆಯುತ್ತಿದ್ದ.

"ಬಿಡಪ್ಪ, ಓದೋನು ಅವನು" ಅಂದಳು ಮಗಳು.

"ನೀನು ಮಾತ್ರೆ ಮಾರು, ಬುದ್ಧಿ ಮಾರಬೇಡ. ಲೋ, ಕಾರಣ ಹೇಳೋ. ಕಾರಣ ಇಲ್ದೆ ಯಾವ ಮುಳ್ಳೂ ವಾಲಲ್ಲ."

ಮಗ ಚಮಚ ಕೆಳಗಿಟ್ಟ. "ಆ ಬೀಗ ಹಾಕಿದ ರೂಮಿನ ಲೆಕ್ಚರರ್ ಇದ್ರಲ್ಲ ಅಪ್ಪ. ನಾನೂ ಅವರ ಥರಾನೇ."

"ಯಾರ ಥರ?"

"ಅವತ್ತು ನೀನು ನಕ್ಕೆಯಲ್ಲ, ಅವರ ಥರ."

ಹೆಂಡತಿ ಎದ್ದು ಹೋಗಿ, ಆಗಲೇ ತೊಳೆದಿಟ್ಟಿದ್ದ ಬಾಣಲೆಯನ್ನು ಮತ್ತೆ ತೊಳೆಯತೊಡಗಿದಳು. ಅಜ್ಜಿ ಒಬ್ಬೊಬ್ಬರ ಮುಖ ನೋಡಿದಳು.

"ಏನಂತೆ? ಮೇಷ್ಟ್ರಾಗ್ತಾನಂತಾ?"

"ಅಲ್ಲಜ್ಜಿ" ಅಂದಳು ಮಗಳು. ಅವಳ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಅವಳಿಗೆ ಮೊದಲೇ ಗೊತ್ತಿದ್ದಿರಬೇಕು. "ಅವನು ಯಾವ ಹುಡುಗೀನೂ ಮದುವೆ ಆಗಲ್ಲ. ಅವನಿಗೆ ಇಷ್ಟ ಆಗೋದು ಹುಡುಗ್ರು."

ಅಜ್ಜಿ ಬ್ರೆಡ್ಡನ್ನು ಒಸಡಿನಲ್ಲೇ ಹತ್ತು ಸಲ ಅಗಿದಳು. "ಇಲ್ಲಿ ಹುಡುಗರಿಗೇನು ಬರ ಬಂದಿದೆಯಾ? ಅದಕ್ಕೆ ಹದಿನಾಲ್ಕು ಗಂಟೆ ಯಾಕೆ ಹೋಗ್ಬೇಕು?"

ಬೇರೆ ದಿನವಾಗಿದ್ದರೆ ಆ ಮಾತಿಗೆ ಛಾವಣಿ ಹಾರಿಹೋಗುವಷ್ಟು ನಗುತ್ತಿದ್ದರು.

"ಎಷ್ಟು ದಿನದಿಂದ?" ಕೇಳಿದ ಗುಲಗಂಜಿ, ಗಿರಾಕಿಯನ್ನು ಕೇಳುವ ದನಿಯಲ್ಲೇ.

"ನನಗೆ ನೆನಪಿರೋವಾಗಿಂದ."

"ಎಲ್ಲದಕ್ಕೂ ರಿಪೇರಿ ಅಂತ ಒಂದಿದೆ. ಒಳ್ಳೆ ಡಾಕ್ಟರನ್ನ ನೋಡಿದ್ರೆ..."

"ಕೆಟ್ಟಿದ್ರೆ ತಾನೇ ರಿಪೇರಿ?" ಮಗನ ದನಿ ಏರಿತು. "ಅಲ್ಲಿ, ಆ ವಿಶ್ವವಿದ್ಯಾಲಯದ ಒಳಗೇ, ನನ್ನಂಥವರ ಸಂಘ ಇದೆ. ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕ್ಕೊಂಡು ಓಡಾಡ್ತಾರೆ. ಬಾಗಿಲಿಗೆ ಚಿತ್ರ ಅಂಟಿಸಿದವನನ್ನ ಅಲ್ಲಿ ಹೊರಗೆ ಹಾಕ್ತಾರೆ, ಒಳಗಿದ್ದವನನ್ನಲ್ಲ. ಇಲ್ಲಿ ಲ್ಯಾಬ್ ಚೆನ್ನಾಗಿದೆ, ಒಪ್ತೀನಿ. ನಾಲ್ಕು ವರ್ಷ ಉಸಿರು ಬಿಗಿಹಿಡ್ಕೊಂಡು ಆ ಲ್ಯಾಬಲ್ಲಿ ಕೂತ್ಕೊಳ್ಳೋಕಾಗಲ್ಲ."

"ಇಲ್ಲಿ ನಾನಿದ್ದೀನಿ. ಯಾವನು ಏನು ಮಾಡ್ತಾನೆ ನೋಡ್ತೀನಿ."

"ಅವತ್ತೂ ನೀನಿದ್ದೆ, ಅಪ್ಪ."

ಅಲ್ಲಿಂದಾಚೆ ಮನೆಯಲ್ಲಿ ಮಾತು ಎಷ್ಟು ತೆಳ್ಳಗಾಯಿತೆಂದರೆ, ಗೋಡೆಯ ಗಡಿಯಾರದ ಎರಡು ಮುಳ್ಳು ಪರಸ್ಪರ ಬೈದಾಡಿಕೊಳ್ಳುವುದೂ ಕೇಳಿಸುತ್ತಿತ್ತು. ಬಟ್ಟೆ ಒಣಗಿಹಾಕುವುದು, ಕಸ ಹೊರಗಿಡುವುದು, ಅಜ್ಜಿಗೆ ಪೇಪರ್ ಓದಿಹೇಳುವುದು, ಕೆಲಸಗಳೆಲ್ಲ ನಡೆದವು. ಹೆಂಡತಿ ಮಗನಿಗೆ ಹೇಳಬೇಕಾದದ್ದನ್ನು ತಟ್ಟೆಗಳಿಗೆ ಹೇಳುತ್ತಿದ್ದಳು: ತಟ್ಟೆ ಮೆಲ್ಲಗೆ ಇಟ್ಟರೆ ಊಟಕ್ಕೆ ಬಾ, ಕುಕ್ಕಿದರೆ ಎದ್ದು ಹೋಗು. ಒಂದೇ ಒಂದು ಸಲ, ಸ್ನಾನದ ಮನೆಯ ಬಾಗಿಲಲ್ಲಿ ಅವಳು ಮಗನನ್ನು ತಡೆದು ಕೇಳಿದ್ದು ಗುಲಗಂಜಿಯ ಕಿವಿಗೆ ಬಿತ್ತು.

"ಹೊರಗೆ ಯಾರಿಗಾದ್ರೂ ಹೇಳಿದ್ದೀಯಾ? ಬೇಕರಿ ಕಡೆಯವರಿಗೆ? ಪಕ್ಕದ ಮನೆಯವರಿಗೆ?"

"ಇಲ್ಲಮ್ಮ."

"ಹೇಳಬೇಡ." ಅಷ್ಟೇ.

ಮೂರನೆಯ ವಾರ ಗುಲಗಂಜಿ ತಕ್ಕಡಿಯ ಮಾತೆತ್ತಿದ. "ಭಾನುವಾರ ತೂಗೋಣ. ಎಡದ ಡಬ್ಬಿ ಹತ್ತಿರದ್ದು, ಬಲದ್ದು ದೂರದ್ದು. ತಕ್ಕಡಿ ದೂರ ಅಂದ್ರೆ ಕಣ್ಣು ಮುಚ್ಚಿ ಸಹಿ ಹಾಕ್ತೀನಿ. ಹತ್ತಿರ ಅಂದ್ರೆ?"

ಮಗ ತಕ್ಕಡಿಯ ಕಡೆ ತಿರುಗಿದ. ಹುಟ್ಟಿದಾಗ ಅವನ ತೂಕ ನೋಡಿದ್ದೂ ಅದರಲ್ಲೇ.

"ಹತ್ತಿರ ಅಂದ್ರೆ ಹತ್ತಿರಾನೇ" ಅಂದ. "ಮನುಷ್ಯರಿಗಿಂತ ಅದನ್ನ ನಂಬಬಹುದು."

ಶನಿವಾರ ಗುಲಗಂಜಿ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದ. ಮಗನದು, ಮಗಳದು ದೂರಕ್ಕೆ, ಇಪ್ಪತ್ತು ನಟ್ಟು. ತನ್ನದು, ಹೆಂಡತಿಯದು ಹತ್ತಿರಕ್ಕೆ, ಇಪ್ಪತ್ತು. ಹೆಂಡತಿಯ ವಿಷಯದಲ್ಲಿ ಅನುಮಾನವೇ ಇಲ್ಲ, ತಾಯಿ ಅಲ್ಲವೇ. ಉಳಿದದ್ದು ಅಜ್ಜಿ. ಅವಳು ಯಾವ ಕಡೆ ಬೀಳುತ್ತಾಳೆಂದು ಮೇಲಿರುವವನಿಗೂ ಗೊತ್ತಿಲ್ಲ; ಮೊಮ್ಮಗಳು ಒಂದು ಪೊಟ್ಟಣ ಪೆಪ್ಪರಮಿಂಟು ಕೊಟ್ಟರೆ ಸಾಕು, ಗಂಡನ ಹೆಸರನ್ನೇ ಬೇಕಾದರೂ ಬದಲಾಯಿಸಿ ಹೇಳಿಯಾಳು. ಅಜ್ಜಿ ಆ ಕಡೆ ಹೋದರೆ ಅಲ್ಲಿ ಮೂವತ್ತು, ಇಲ್ಲಿ ಇಪ್ಪತ್ತು.

ಅವನು ಸೀಸದ ಕಡ್ಡಿ ತೆಗೆದು ಕತ್ತರಿಸಿದ. ಒಂದು ತಟ್ಟೆಯಲ್ಲಿ ಹನ್ನೊಂದು ನಟ್ಟು ಇಟ್ಟು ಇನ್ನೊಂದರಲ್ಲಿ ಸೀಸ ಇಟ್ಟ. ತುಸು ಹೆಚ್ಚಾಯಿತು, ಅರದಿಂದ ಉಜ್ಜಿದ. ಮತ್ತೆ ತೂಗಿದ, ಮತ್ತೆ ಉಜ್ಜಿದ. ಹೊಡೆತ ತಿಂದರೂ ಮೋಸ ಮಾಡದ ಕೈ ಅದು. ಮೋಸಕ್ಕೆ ಇಳಿದಾಗಲೂ ಒಂದು ಕೂದಲೆಳೆ ಹೆಚ್ಚು ತೆಗೆದುಕೊಳ್ಳಲಿಲ್ಲ.

"ಏನು ಯಜಮಾನ್ರೇ, ಚಿನ್ನದ ಕೆಲಸಾನಾ?" ಅಂದ ಚಪ್ಪಲಿಯವನು, ಇಣುಕಿ.

"ಸ್ವಂತದ್ದು" ಅಂದ ಗುಲಗಂಜಿ.

ಭಾನುವಾರ ಬೆಳಿಗ್ಗೆ, ಪದ್ಧತಿಯಂತೆ, ಖಾಲಿ ತಟ್ಟೆಗಳು ಸಮ ನಿಂತಿರುವುದನ್ನು ಎಲ್ಲರಿಗೂ ತೋರಿಸಿ, ಕಡ್ಡಿ ಸಿಕ್ಕಿಸಿ, ಗುಲಗಂಜಿ ಡಬ್ಬಿ ಇಟ್ಟ. ಮನೆಯವರು ಒಬ್ಬೊಬ್ಬರಾಗಿ ಆ ಕಡೆ ಸುಳಿದರು. ಮಗಳು ನೀರು ಕುಡಿಯಲು, ಅಜ್ಜಿ ಕನ್ನಡಕ ಹುಡುಕಲು (ಅದು ಅವಳ ಮೂಗಿನ ಮೇಲೇ ಇತ್ತು), ಹೆಂಡತಿ ಮೊಟ್ಟೆ ತೆಗೆಯಲು. ಹನ್ನೆರಡರ ಹೊತ್ತಿಗೆ ಗುಲಗಂಜಿ ಎಣ್ಣೆಬಟ್ಟೆ ಹಿಡಿದು ತಕ್ಕಡಿ ಒರೆಸಲು ಹೋದ. ಎಡತಟ್ಟೆಯ ಅಡಿಗೆ ಮೇಣದಲ್ಲಿ ಸೀಸ ಕೂರಿಸಲು ಅವನಿಗೆ ಎರಡು ಉಸಿರಿನಷ್ಟು ಹೊತ್ತು ಸಾಕಾಯಿತು.

ಊಟ ಆಯಿತು. ಎಲ್ಲರೂ ಸುತ್ತ ನಿಂತರು. ಗುಲಗಂಜಿ ಕಡ್ಡಿ ಎಳೆದ. ಮುಳ್ಳು ಬಲಕ್ಕೆ ಹೋಯಿತು, ಎಡಕ್ಕೆ ಬಂತು, ತಡವರಿಸಿತು, ಎಡಕ್ಕೇ ಒಂಚೂರು ವಾಲಿ ನಿಂತಿತು. ಒಂದೇ ಒಂದು ನಟ್ಟಿನ ವಾಲು.

"ಹತ್ತಿರ" ಅಂದ ಗುಲಗಂಜಿ.

ಮಗ ಕಣ್ಣು ಮುಚ್ಚಿ ತೆರೆದ. "ಸರಿ" ಅಂದ. ಜೇಬಿನಿಂದ ಹತ್ತಿರದ ವಿಶ್ವವಿದ್ಯಾಲಯದ ಅರ್ಜಿ ತೆಗೆದು ಮೇಜಿನ ಮೇಲೆ ಬಿಡಿಸಿದ. ಅವನು ಪೆನ್ನು ಹುಡುಕುವಷ್ಟರಲ್ಲಿ ಮಗಳು, ಕಣ್ಣೊರೆಸಿಕೊಳ್ಳುತ್ತಾ, ಪದ್ಧತಿಯಂತೆ ಎರಡೂ ಡಬ್ಬಿ ಎತ್ತಿ ನಟ್ಟುಗಳನ್ನು ಪಾತ್ರೆಗೆ ಸುರಿದು ಕಲಸಿದಳು.

ತಟ್ಟೆಗಳು ಖಾಲಿ. ಮುಳ್ಳು ಮಾತ್ರ ಎಡಕ್ಕೆ ಧಸಕ್ಕನೆ ಬಿದ್ದು ಅಲ್ಲೇ ಕೂತಿತು.

ನುರಿತ ಕಳ್ಳನಾಗಿದ್ದರೆ ಡಬ್ಬಿ ಎತ್ತುವ ಮೊದಲೇ ಮತ್ತೆ ಕಡ್ಡಿ ಸಿಕ್ಕಿಸುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಗುಲಗಂಜಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಖಾಲಿ ತಕ್ಕಡಿ ಬಾಯಿ ಬಿಡುತ್ತದೆಂದು ಊರಿಗೆಲ್ಲ ಹೇಳಿಕೊಟ್ಟವನು ಅದನ್ನೇ ಮರೆತಿದ್ದ.

ಮಗ ಬಗ್ಗಿ ತಟ್ಟೆಯ ಅಡಿಗೆ ಕೈ ಹಾಕಿದ. ಕಿತ್ತದ್ದನ್ನು ಅರ್ಜಿಯ ಮೇಲಿಟ್ಟ.

"ಏನದು, ನನ್ನ ಹಲ್ಲಾ?" ಅಂದಳು ಅಜ್ಜಿ.

"ಅಪ್ಪಂದು" ಅಂದ ಮಗ.

"ಹಾಗಾದ್ರೆ ನಿಜವಾಗ್ಲೂ ಯಾವುದು ಗೆದ್ದಿದ್ದು?" ಮಗಳು ಪಾತ್ರೆಯೊಳಗೆ ನೋಡಿದಳು. ಐವತ್ತು ನಟ್ಟು, ಎಲ್ಲ ಒಂದೇ ಥರ. "ಕಲಸಿಬಿಟ್ನಲ್ಲ! ಇನ್ನು ಬಾಯಿ ಬಿಟ್ಟೇ ಹೇಳ್ಬೇಕು. ನನ್ನದು ಹತ್ತೂ ದೂರಕ್ಕೆ. ಅವನದ್ದೂ ಅಲ್ಲಿಗೇ. ಅಜ್ಜಿ?"

"ನಾನು ಇಲ್ಲಿಗೇ ಹಾಕಿದ್ದು, ಹತ್ತೂ. ಮುಚ್ಚುಮರೆ ಏನು? ನನ್ನ ಕಾಲು ನನಗೆ ಮುಖ್ಯ."

ಗುಲಗಂಜಿ ಮನಸ್ಸಿನಲ್ಲೇ ಮತ್ತೆ ಕೂಡಿಸಿದ. ಅಜ್ಜಿ ಇಲ್ಲಿಗೇ ಹಾಕಿದ್ದರೆ, ಹೆಂಡತಿಯದೂ ಸೇರಿ ಮೂವತ್ತು, ಸೀಸವೇ ಬೇಕಿರಲಿಲ್ಲ. ಮೋಸ ಮಾಡದೆಯೇ ಗೆಲ್ಲುತ್ತಿದ್ದ. ಆದರೆ ಸೀಸ ಸೇರಿಯೂ ಮುಳ್ಳು ವಾಲಿದ್ದು ಒಂದೇ ನಟ್ಟು. ಆ ಲೆಕ್ಕ ಅವನ ತಲೆಯಲ್ಲಿ ಕೂರುವ ಮೊದಲೇ ಮಗ ತಾಯಿಯ ಕಡೆ ತಿರುಗಿದ್ದ.

"ಅಮ್ಮ?"

ಅವಳು ಕೈಯನ್ನು ಏಪ್ರನ್ನಿಗೆ ಒರೆಸಿದಳು. ಒರೆಸಲು ಏನೂ ಇರಲಿಲ್ಲ. "ದೂರಕ್ಕೆ" ಅಂದಳು.

"ನೀನಾ?" ಅಂದ ಗುಲಗಂಜಿ.

ಮಗನ ಮುಖ ಎರಡು ವಾರದಲ್ಲಿ ಮೊದಲ ಸಲ ಅರಳಿತು. ಒಂದು ಹೆಜ್ಜೆ ಮುಂದೆ ಬಂದ. "ಅಮ್ಮಾ, ನೀನು ನನ್ನ ಕಡೆ..."

"ಯಾರ ಕಡೆಯೂ ಅಲ್ಲ." ಅವಳು ಹಿಂದೆ ಸರಿದಳು. "ಇಲ್ಲಿದ್ರೆ ಇವತ್ತಲ್ಲ ನಾಳೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ. ಬೇಕರೀಲಿ ನಾನು ತಲೆ ಎತ್ತೋದು ಹೇಗೆ? ನಿನ್ನಕ್ಕನ್ನ ಯಾರು ಕೇಳ್ಕೊಂಡು ಬರ್ತಾರೆ? ಅಲ್ಲಾದ್ರೆ ನೀನು ಯಾರ ಮಗ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೆ ಹಾಕಿದೆ. ಹತ್ತೂ."

"ಅಮ್ಮ, ನನ್ನ ಹೆಸರು ಎಳೀಬೇಡ" ಅಂದಳು ಮಗಳು.

"ನೀನು ಸುಮ್ನಿರೇ!"

"ಹೆತ್ತವಳಾ ನೀನು?" ಗುಲಗಂಜಿ ಗುಡುಗಿದ.

"ನಾನು ಹಾಕಿದ್ದು ನಟ್ಟು ಕಣ್ರೀ" ಅಂದಳು ಅವಳು. "ಸೀಸ ಅಲ್ಲ."

ಗುಲಗಂಜಿ ಅರ್ಜಿಯ ಮೇಲಿದ್ದ ಸೀಸವನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಮಗ ಅರ್ಜಿಯನ್ನು ಮಡಿಸಿ ಜೇಬಿಗಿಟ್ಟು, ಇನ್ನೊಂದು ಅರ್ಜಿ ತೆಗೆದ. "ಮೂವತ್ತಕ್ಕೆ ಇಪ್ಪತ್ತು. ದೂರದ್ದೇ ಗೆದ್ದಿದ್ದು. ಸಹಿ ಹಾಕಪ್ಪ."

"ನಿನ್ನನ್ನ ಉಳಿಸ್ಕೊಳ್ಳೋಕೆ ಮಾಡಿದೆ ಕಣೋ."

"ಗೊತ್ತು. ನೀನು ಉಳಿಸ್ಕೊಳ್ಳೋಕೆ ಮೋಸ ಮಾಡಿದೆ. ಅಮ್ಮ ಕಳಿಸೋಕೆ ನ್ಯಾಯವಾಗಿ ಹಾಕಿದ್ಲು. ಯಾರಿಗೆ ಥ್ಯಾಂಕ್ಸ್ ಹೇಳ್ಲಿ?"

ಗುಲಗಂಜಿ ಸಹಿ ಹಾಕಿದ. ತಕ್ಕಡಿಗಳಿಗೆ ಸರಿ ಎಂದು ಬರೆದುಕೊಡುವ ಅದೇ ಸಹಿ. ಈ ಸಲ ಕೊನೆಯ ಗೆರೆ ಕೆಳಕ್ಕೆ ಜಾರಿತು.

ತಿಂಗಳಾದ ಮೇಲೆ ಮಗ ಹೊರಟ. ಹೊರಡುವ ಬೆಳಿಗ್ಗೆ ಅಜ್ಜಿ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತು, "ಮುಂದಿನ ವರ್ಷದ್ದೂ ಸೇರಿಸಿ ತೆಗೆದುಬಿಡೋ" ಅಂದಳು. ಅವನು ರಕ್ತ ಬರುವಷ್ಟು ಹತ್ತಿರಕ್ಕೆ ತೆಗೆದ. ಅವಳು ಇನ್ನೊಂದು ಕಾಲನ್ನೂ ಮುಂದೆ ಚಾಚಿದಳು. ಹೆಂಡತಿ ಬ್ರೆಡ್ಡಿನ ಪೊಟ್ಟಣವನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು, "ಅಲ್ಲಿದೆ" ಅಂದಳು. ಈ ಸಲ ಮುರುಕಲ್ಲ, ಇಡೀ ಬ್ರೆಡ್ಡು. ಸ್ಟೇಷನ್ನಿಗೆ ಹೋದವಳು ಮಗಳೊಬ್ಬಳೇ.

ಗುಲಗಂಜಿ ಎಂದಿನ ಹೊತ್ತಿಗೇ ಅಂಗಡಿಗೆ ಹೊರಟ. ಬಾಗಿಲಲ್ಲಿ ಮಗ ಎದುರಾದ.

"ಬರ್ತೀನಿ ಅಪ್ಪ."

"ಯಾವಾಗ?"

ಮಗ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. "ಹೊರಡೋವಾಗ ಹಾಗೆ ಹೇಳೋದು ಅಂತ ಹೇಳಿದೆ" ಅಂದ.

ಹಿತ್ತಾಳೆ ತಕ್ಕಡಿ ಈಗಲೂ ಕಟ್ಟೆಯ ಮೇಲಿದೆ. ಒಂದು ತಟ್ಟೆಯಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಅಜ್ಜಿಯ ಮಾತ್ರೆ. ನಲ್ಲಿ ಸೋರುವ ವಿಷಯಕ್ಕೆ ಒಮ್ಮೆ ಜಗಳ ಹತ್ತಿತು. ತೂಗೋಣ ಅಂತ ಯಾರೂ ಅನ್ನಲಿಲ್ಲ. ಕೂಗಾಡಿಯೇ ಮುಗಿಸಿದರು. ದೂರದ ನಗರದಿಂದ ಮಗಳಿಗೆ ವಾರಕ್ಕೊಮ್ಮೆ ಫೋನು ಬರುತ್ತದೆ. ಅವಳು ಮಹಡಿಗೆ ಹೋಗಿ ಮಾತಾಡುತ್ತಾಳೆ. "ಹೇಗಿದ್ದಾನಂತೆ?" ಅಂದರೆ, "ನಗ್ತಾ ಇದ್ದ" ಅನ್ನುತ್ತಾಳೆ, ಅಷ್ಟೇ.

ವರ್ಷ ತುಂಬಿತು. ಬಾದಾಮಿ ವ್ಯಾಪಾರಿ ತಕ್ಕಡಿ ಹೊತ್ತು ಬಂದ. ಎಣ್ಣೆ ಹಾಕಿಸಿದ, ಮುಳ್ಳು ನೋಡಿಸಿದ. ಆಮೇಲೆ ಬಗ್ಗಿದವನು ತಾನೇ ನಕ್ಕು ನೆಟ್ಟಗಾದ.

"ಈ ಸಲ ಕೇಳಲ್ಲ ಬಿಡಿ ಯಜಮಾನ್ರೇ. ನೀವು ಹೇಳೋದು ನನಗೂ ಬಾಯಿಪಾಠ ಆಗಿದೆ."

ಪಕ್ಕದಲ್ಲಿ ಚಪ್ಪಲಿಯವನು ಬಾಯಿಂದ ಮೊಳೆ ತೆಗೆದು, ಎಂದಿನ ಮಾತಿಗೆ ದನಿ ಕೂಡಿಸಲು ತಯಾರಾಗಿ ಕುತ್ತಿಗೆ ಚಾಚಿದ.

ಗುಲಗಂಜಿ ಮೇಜಿನ ಖಾನೆ ಎಳೆದ. ಒಳಗೆ, ತಿರುಪುಗಳ ನಡುವೆ, ಉಗುರಿನ ಗುರುತು ಇನ್ನೂ ಉಳಿದಿದ್ದ ಮೇಣದ ಸಮೇತ ಆ ಸೀಸ ಇತ್ತು. ಅವನು ತಲೆ ಎತ್ತಲಿಲ್ಲ.

"ಎಷ್ಟು ಗ್ರಾಂ ಬೇಕು?" ಅಂದ.